ಗಾಳಿ ಸತ್ತ ಮೇಲೆ ಬರುವ ನೀರು

ರೋಣ, ನರಗುಂದ, ಗಜೇಂದ್ರಗಡ. ಈ ಮೂರೂ ಊರುಗಳಿಗೆ ಸಮುದ್ರದ ಗಾಳಿ ಸೋಂಕುವುದಿಲ್ಲ. ಅಲೆ ನೋಡಬೇಕೆಂದರೆ ಘಟ್ಟ ಇಳಿದು ಕಾರವಾರಕ್ಕೋ ಗೋಕರ್ಣಕ್ಕೋ ಹೋಗಬೇಕು. ರೈಲಿನ ಕತೆಯೂ ಅಷ್ಟಕ್ಕಷ್ಟೆ. ನರಗುಂದಕ್ಕೆ ಹಳಿಯಿಲ್ಲ, ಗಜೇಂದ್ರಗಡಕ್ಕೂ ಇಲ್ಲ; ರೋಣದವರು ಮಲ್ಲಾಪುರಕ್ಕೆ ಹೋಗಿ ರೈಲು ಹತ್ತಬೇಕು. ಇಂಥ ಸೀಮೆಯ ಮಾತು ತೆಗೆದು ಚಂಡಮಾರುತವನ್ನು ರೈಲು ಹೇಗೆ ಎದುರಿಸುತ್ತದೆ ಎಂದು ಬರೆಯುವುದು ಅಧಿಕಪ್ರಸಂಗದಂತೆ ಕಾಣಬಹುದು.

ಆದರೆ ಮಲ್ಲಾಪುರದಿಂದ ರೈಲು ಉತ್ತರಕ್ಕೆ ಹೊರಟರೆ ಹೊಳೆಆಲೂರು ಸಿಗುತ್ತದೆ. ಹೆಸರೇ ಹೇಳುವಂತೆ ಅದು ಹೊಳೆಯ ದಂಡೆಯ ಊರು. ಅಲ್ಲಿ ಮಲಪ್ರಭೆಯನ್ನು ದಾಟಿ ಗಾಡಿ ಬಾದಾಮಿಯ ಕಡೆ ಹೋಗುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಒಳನಾಡಿಗೆ ನುಗ್ಗಿದಾಗ ಈ ಹೊಳೆ ಏನು ಮಾಡಿತೆಂದು ಈ ಕಡೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ಊರೂರೇ ಜಾಗ ಬಿಟ್ಟು ಎತ್ತರಕ್ಕೆ ಹೋದವು. ನೆರೆ ಸಂತ್ರಸ್ತರಿಗೆಂದು ‘ಆಸರೆ’ ಮನೆಗಳು ಎದ್ದದ್ದು ಆಗಲೇ. ಸಮುದ್ರ ಕಾಣದ ನಾಡಿಗೆ ಸಮುದ್ರದ ಹವೆ ತಲುಪುವುದು ಹೀಗೆ, ಗಾಳಿಯ ರೂಪದಲ್ಲಲ್ಲ, ನೀರಿನ ರೂಪದಲ್ಲಿ.

ಇದರ ಕಾರಣ ಚಂಡಮಾರುತದ ಹುಟ್ಟಿನಲ್ಲೇ ಇದೆ. ಸಮುದ್ರದ ಮೇಲ್ಮೈ ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಮೀರಿ ಕಾದಾಗ ಅಲ್ಲಿನ ಹಸಿಗಾಳಿ ಮೇಲೇರಿ, ತಣಿದು, ಮೋಡವಾಗಿ, ತನ್ನಲ್ಲಿದ್ದ ಶಾಖವನ್ನು ಬಿಟ್ಟುಕೊಡುತ್ತದೆ. ಆ ಶಾಖವೇ ಈ ಯಂತ್ರದ ಉರುವಲು. ಭೂಮಿ ತಿರುಗುವುದರಿಂದ ಸುತ್ತಲಿನ ಗಾಳಿ ನೇರ ಒಳಗೆ ನುಗ್ಗದೆ ಸುಳಿಯಾಗುತ್ತದೆ. ಅಮೆರಿಕದವರು ಹರಿಕೇನ್ ಎನ್ನುವುದೂ ಜಪಾನಿನವರು ಟೈಫೂನ್ ಎನ್ನುವುದೂ ಇದನ್ನೇ. ನೆಲ ಹತ್ತಿದೊಡನೆ ಉರುವಲು ಕಡಿದುಹೋಗುತ್ತದೆ, ಗುಡ್ಡ ಗಿಡಮರಗಳ ಘರ್ಷಣೆಯೂ ಸೇರಿ ಸುಳಿ ಸೊರಗುತ್ತದೆ. ಗಂಟೆಗೆ 62 ಕಿ.ಮೀ. ಮುಟ್ಟಿದ ಸುಳಿಗಾಳಿಗೆ ನಮ್ಮ ಹವಾಮಾನ ಇಲಾಖೆ ಚಂಡಮಾರುತದ ಪಟ್ಟ ಕೊಡುತ್ತದೆ. ಅದಕ್ಕಿಂತ ಇಳಿದರೆ ಅದು ಬರೀ ವಾಯುಭಾರ ಕುಸಿತ. ಆದರೆ ವೇಗ ಇಳಿದರೂ ಹೊತ್ತು ತಂದ ನೀರು ಹಾಗೇ ಇರುತ್ತದೆ. ಅದನ್ನು ಎಲ್ಲಾದರೂ ಇಳಿಸಲೇಬೇಕು.

ರೈಲಿಗೆ ಗಾಳಿ, ನೀರು ಇವೆರಡರಲ್ಲಿ ಯಾವುದು ಹೆಚ್ಚು ಅಪಾಯ? ಗಾಳಿ ಎಂದೇ ಹೆಚ್ಚಿನವರ ಉತ್ತರ. ಒಂದು ಒರಟು ಲೆಕ್ಕ ಹಾಕಿ ನೋಡೋಣ. ಗಂಟೆಗೆ 58 ಕಿ.ಮೀ. ವೇಗದ ಗಾಳಿ ಒಂದು ಚದರ ಮೀಟರ್ ಗೋಡೆಯನ್ನು ನೂಕುವುದು ಸುಮಾರು 16 ಕಿಲೋ ತೂಕದಷ್ಟು ಬಲದಿಂದ. ಬೋಗಿಯೊಂದರ ಪಕ್ಕೆ ಹೆಚ್ಚುಕಡಿಮೆ 70 ಚದರ ಮೀಟರ್ ಎಂದಿಟ್ಟುಕೊಂಡರೆ ಒಟ್ಟು ನೂಕು ಒಂದು ಟನ್ನಿಗಿಂತ ತುಸು ಹೆಚ್ಚು. ಬೋಗಿಯ ತೂಕವೋ ನಲವತ್ತು ಟನ್ ಮೇಲೆ. ಗಾಳಿಯ ವೇಗ ಎರಡು ಪಟ್ಟಾದರೆ ನೂಕು ನಾಲ್ಕು ಪಟ್ಟಾಗುತ್ತದೆ. ಆದರೂ ಬ್ರಾಡ್‌ಗೇಜ್ ಹಳಿಯ ಮೇಲೆ ಅಗಲವಾಗಿ ಕಾಲೂರಿ ನಿಂತ ಬೋಗಿಯನ್ನು ಬರೀ ಗಾಳಿ ಉರುಳಿಸಬೇಕೆಂದರೆ ವೇಗ ಗಂಟೆಗೆ 200 ಕಿ.ಮೀ. ದಾಟಬೇಕು.

ಈಗ ನೀರಿನ ಲೆಕ್ಕ. ನೀರು ಗಾಳಿಗಿಂತ ಸುಮಾರು 800 ಪಟ್ಟು ಭಾರ. ಹೀಗಾಗಿ ಗಾಳಿಯ ಇಪ್ಪತ್ತೆಂಟನೆಯ ಒಂದು ಭಾಗ ವೇಗವಿದ್ದರೂ ಸಾಕು, ನೀರಿನ ಹೊಡೆತ ಗಾಳಿಯದಕ್ಕೆ ಸಮವಾಗುತ್ತದೆ. ಬಸ್ಸು ತಪ್ಪೀತೆಂದು ಒಬ್ಬ ಮನುಷ್ಯ ದಾಪುಗಾಲು ಹಾಕುವ ವೇಗದಲ್ಲಿ, ಅಂದರೆ ಗಂಟೆಗೆ ಏಳು ಕಿ.ಮೀ.ನಂತೆ ಹರಿಯುವ ನೀರು ಗಂಟೆಗೆ 200 ಕಿ.ಮೀ. ಗಾಳಿಯಷ್ಟೇ ಬಲವಾಗಿ ಬಡಿಯುತ್ತದೆ. ನಮ್ಮ ಸೀಮೆಯ ಬೆಣ್ಣೆಹಳ್ಳ ತುಂಬಿದಾಗ ಮೊಣಕಾಲು ನೀರಿನಲ್ಲಿ ಎತ್ತಿನ ಬಂಡಿ ಏಕೆ ತೇಲಿಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

1964ರ ಡಿಸೆಂಬರ್ 22ರ ರಾತ್ರಿ ರಾಮೇಶ್ವರದ ಬಳಿ ಧನುಷ್ಕೋಡಿಗೆ ಹೊರಟಿದ್ದ ಪ್ಯಾಸೆಂಜರ್ ಗಾಡಿಯನ್ನು ನೂರಕ್ಕೂ ಹೆಚ್ಚು ಜನರ ಸಮೇತ ಮುಳುಗಿಸಿದ್ದೂ ಚಂಡಮಾರುತ ಎಬ್ಬಿಸಿದ ಸಮುದ್ರದ ಅಲೆಯೇ. ರಾಮೇಶ್ವರಕ್ಕೆ ಹೋಗುವ ಪಾಂಬನ್ ರೈಲು ಸೇತುವೆಯೂ ಆಗ ಕೊಚ್ಚಿಹೋಯಿತು. 46 ದಿನಗಳಲ್ಲಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದ ತರುಣ ಎಂಜಿನಿಯರ್ ಇ. ಶ್ರೀಧರನ್. ಮುಂದೆ ಆ ಸೇತುವೆಗೆ ಗಾಳಿಮಾಪಕ ಬಂತು. ಗಾಳಿ ಗಂಟೆಗೆ 58 ಕಿ.ಮೀ. ಮೀರಿದರೆ ಸಿಗ್ನಲ್ ತಾನೇ ಕೆಂಪಾಗುವ ಏರ್ಪಾಡಿತ್ತು. 58 ಎಲ್ಲಿ, 200 ಎಲ್ಲಿ ಎಂದು ಅನ್ನಿಸುವುದು ಸಹಜ. ಆದರೆ ಸಮುದ್ರದ ಮೇಲಿನ ಗಾಳಿ ಒಂದೇ ಸಮ ಬೀಸುವುದಿಲ್ಲ, ರಭಸ ತಟ್ಟನೆ ಏರುತ್ತದೆ. ಸ್ಪ್ರಿಂಗಿನ ಮೇಲೆ ಕೂತ ಬೋಗಿ ತೂಗಾಡುತ್ತದೆ. ಖಾಲಿ ವ್ಯಾಗನ್ನು ಹಗುರ. ಗಜೇಂದ್ರಗಡದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳೂ ಇದೇ ಜಾತಿಯ ಬುದ್ಧಿಯವು. ಗಾಳಿ ಹೆಚ್ಚಿದಷ್ಟೂ ಕರೆಂಟು ಹೆಚ್ಚೆಂದು ಅವು ತಿರುಗುತ್ತಲೇ ಇರುವುದಿಲ್ಲ. ಸಾಮಾನ್ಯವಾಗಿ ಗಂಟೆಗೆ 90 ಕಿ.ಮೀ. ಆಸುಪಾಸಿಗೆ ರೆಕ್ಕೆ ಹೊರಳಿಸಿ ಸುಮ್ಮನೆ ನಿಂತುಬಿಡುತ್ತವೆ.

ಅದೇ ಶ್ರೀಧರನ್ ನೇತೃತ್ವದಲ್ಲಿ ಕಟ್ಟಿದ ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿ ತೆರೆಯಿತು. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿ.ಮೀ. ಹಾದಿ, ಅದರಲ್ಲಿ 90ಕ್ಕೂ ಹೆಚ್ಚು ಸುರಂಗ, ಸಣ್ಣವು ದೊಡ್ಡವು ಸೇರಿ ಸುಮಾರು 2,000 ಸೇತುವೆ. ನಮ್ಮ ಕರಾವಳಿಯ ರೈಲುಗಳು ಮಳೆಗಾಲವನ್ನೂ ಅರಬ್ಬಿ ಸಮುದ್ರದ ಚಂಡಮಾರುತಗಳನ್ನೂ ಎದುರಿಸುವುದು ಈ ಹಳಿಯ ಮೇಲೆಯೇ. ಹೊನ್ನಾವರದ ಶರಾವತಿ ಸೇತುವೆ ಎರಡು ಕಿ.ಮೀ.ಗೂ ಹೆಚ್ಚು ಉದ್ದ; ಅಲ್ಲೊಂದು ಗಾಳಿಮಾಪಕ ಇದೆ. ಕಾರವಾರ, ಭಟ್ಕಳ, ಉಡುಪಿ ನಿಲ್ದಾಣಗಳಲ್ಲಿ ತಾನೇ ದಾಖಲಿಸಿಕೊಳ್ಳುವ ಮಳೆಮಾಪಕಗಳಿವೆ. ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ. ಗಾಡಿಗಳು ನಿಧಾನವಾಗಿ ಓಡುತ್ತವೆ, ಮಳೆ ಕಣ್ಣು ಕಟ್ಟಿದರೆ ಗಂಟೆಗೆ 40 ಕಿ.ಮೀ.ಗೆ ಇಳಿಯುತ್ತವೆ.

ಈ ನಿಧಾನ ಪುಕ್ಕಟೆ ಬಂದ ಬುದ್ಧಿಯಲ್ಲ. 2003ರ ಜೂನ್‌ನಲ್ಲಿ ಕಾರವಾರದಿಂದ ಮುಂಬೈಗೆ ಹೊರಟಿದ್ದ ವಿಶೇಷ ರೈಲು ವೈಭವವಾಡಿಯ ಬಳಿ ಹಳಿಗೆ ಉರುಳಿದ್ದ ಬಂಡೆಗಳಿಗೆ ಬಡಿದು 50ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಅದೇ ಜೂನ್‌ನಲ್ಲಿ ಮಂಗಳೂರಿನಿಂದ ಹೊರಟ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕರಂಜಾಡಿಯ ಬಳಿ ಸೇತುವೆಯಿಂದ ಕೆಳಗುರುಳಿತು. ಎರಡೂ ಅಪಘಾತಗಳಲ್ಲಿ ಗಾಳಿಯ ಪಾತ್ರವಿರಲಿಲ್ಲ. ನೀರು ಕುಡಿದು ಸಡಿಲಗೊಂಡ ಗುಡ್ಡ ಬಂಡೆಗಳನ್ನು ಕೈಬಿಟ್ಟಿತ್ತು, ಅಷ್ಟೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯುದ್ದಕ್ಕೂ ಸಾಗಿ ಗುಜರಾತಿಗೆ ಹೋಯಿತಲ್ಲ (ಮ್ಯಾನ್ಮಾರ್ ಕೊಟ್ಟ ಆ ಹೆಸರಿಗೆ ಹಲ್ಲಿ ಎಂದರ್ಥ, ಹೆಸರಿಡುವವರಿಗೂ ತಮಾಷೆ ಗೊತ್ತು), ಆಗಲೂ ಗಾಳಿಯಿಂದ ರೈಲ್ವೆಗೆ ಬಂದ ಕೆಲಸ ಹೆಚ್ಚಾಗಿ ಬಿದ್ದ ಮರ ತೆಗೆಯುವುದು.

ದೊಡ್ಡ ನಗರಗಳ ಪಾಠವೂ ಬೇರೆಯಲ್ಲ. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಬಡಿಯಿತು. ಹಿಂದಿನ ಸಂಜೆಯೇ ಅಲ್ಲಿನ ಸುರಂಗ ರೈಲನ್ನು ನಿಲ್ಲಿಸಿ ಬೋಗಿಗಳನ್ನು ಎತ್ತರದ ಜಾಗಗಳಿಗೆ ಒಯ್ದಿದ್ದರು. ಸಮುದ್ರ ಉಕ್ಕಿ ನದಿಯಡಿಯ ಸುರಂಗಗಳಿಗೆ ನುಗ್ಗಿತು, ಸೌತ್ ಫೆರಿ ನಿಲ್ದಾಣ ಮುಳುಗಿತು. ಉಪ್ಪುನೀರು ತಾಗಿದ ಸಿಗ್ನಲ್ ಉಪಕರಣಗಳು ತುಕ್ಕು ಹಿಡಿದವು. ಆದರೂ ಬೋಗಿಗಳು ಉಳಿದಿದ್ದರಿಂದ ಮೂರನೆಯ ದಿನಕ್ಕೇ ಸ್ವಲ್ಪ ಸಂಚಾರ ಮತ್ತೆ ಹೊರಟಿತು. ನದಿಯಾಚೆಯ ನ್ಯೂಜೆರ್ಸಿಯಲ್ಲಿ ಗಾಡಿಗಳನ್ನು ತಗ್ಗಿನ ಯಾರ್ಡುಗಳಲ್ಲೇ ಬಿಟ್ಟಿದ್ದರು. ಎಂಜಿನ್, ಬೋಗಿ ಸೇರಿ 300ಕ್ಕೂ ಹೆಚ್ಚು ಹಾಳಾದವು. ಎರಡೂ ಕಡೆ ಬಂದದ್ದು ಒಂದೇ ನೀರು. ಗಾಡಿಯ ಮೋಟಾರುಗಳು ಗಾಲಿಗಳ ನಡುವೆ, ಹಳಿಗೆ ತೀರ ಹತ್ತಿರ ಕೂತಿರುತ್ತವೆ. ಹಳಿಯ ಮೇಲೆ ಕೆಲವೇ ಇಂಚು ನೀರು ನಿಂತರೂ ಮುಂಬೈಯ ಲೋಕಲ್ ನಿಲ್ಲುವುದು ಈ ಕಾರಣಕ್ಕೇ.

ಹೊಳೆಆಲೂರಿಗೆ ಮರಳೋಣ. ಗದಗದಿಂದ ಸೊಲ್ಲಾಪುರದ ಬಳಿಯ ಹೊಟಗಿಗೆ ಹೋಗುವ ಈ ಹಾದಿಯನ್ನು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಮೀಟರ್‌ಗೇಜಿನಲ್ಲಿ ಹಾಕಿತು. 1876–78ರ ಭೀಕರ ಬರ ಆಗತಾನೆ ಕಳೆದಿತ್ತು. ಮುಂದಿನ ಬರಕ್ಕೆ ಕಾಳುಕಡಿ ಸಾಗಿಸಲು ದಾರಿ ಬೇಕಿತ್ತು. ನೀರಿಲ್ಲದ ಕಾಲಕ್ಕೆಂದು ಹಾಕಿದ ಹಳಿಗೆ ಈಗ ನೀರಿನದೇ ಚಿಂತೆ.

ಇಲ್ಲಿಗೆ ಎರಡು ಬಗೆಯ ನೀರು ಬರುತ್ತದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿದೆ. ಅಲ್ಲಿ ಗೇಟು ತೆಗೆದರೆ ಕೆಳಗಿನವರಿಗೆ ಸುದ್ದಿ ಮೊದಲು ಬರುತ್ತದೆ, ನೀರು ಆಮೇಲೆ. 2019ರ ಆಗಸ್ಟ್‌ನಲ್ಲಿ ಘಟ್ಟದ ಮಳೆಗೆ ಕೊಣ್ಣೂರು, ಹೊಳೆಆಲೂರು ಜಲಾವೃತವಾದಾಗಲೂ ಈ ಅಂತರ ಅಷ್ಟಿಷ್ಟು ಸಿಕ್ಕಿತ್ತು. ಬೆಣ್ಣೆಹಳ್ಳ ಹಾಗಲ್ಲ. ಶಿಗ್ಗಾವಿ ತಾಲ್ಲೂಕಿನ ದುಂಡಸಿಯ ಕಡೆಯಿಂದ ಹೊರಟು, ಹುಬ್ಬಳ್ಳಿ–ನವಲಗುಂದ ಸೀಮೆಯ ಎರೆಹೊಲಗಳ ನೀರನ್ನೆಲ್ಲ ಬಳಿದುಕೊಂಡು ಮೆಣಸಗಿಯ ಬಳಿ ಮಲಪ್ರಭೆಗೆ ಸೇರುತ್ತದೆ. ಅದಕ್ಕೆ ಅಣೆಕಟ್ಟಿಲ್ಲ, ಹೇಳಿಕಳಿಸುವವರಿಲ್ಲ. ಎರೆಮಣ್ಣು ಒಮ್ಮೆ ನೀರು ಕುಡಿದು ಉಬ್ಬಿತೆಂದರೆ ಬಿರುಕುಗಳೆಲ್ಲ ಮುಚ್ಚಿಹೋಗುತ್ತವೆ, ಮುಂದಿನ ಮಳೆ ಒಳಗಿಳಿಯದೆ ಮೇಲೆಯೇ ಓಡುತ್ತದೆ. ಮಲಪ್ರಭೆಯ ಸಂಯಮವನ್ನು ಲೆಕ್ಕಕ್ಕಿಟ್ಟುಕೊಂಡು ಬೆಣ್ಣೆಹಳ್ಳವನ್ನು ಮರೆತ ಯಾವ ನೆರೆ ಯೋಜನೆಯೂ ಈ ಸೀಮೆಗೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಅದೇ ಎರೆಮಣ್ಣು ಹಳಿಯ ಏರಿಗೂ ಶತ್ರು. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬಿ ಬೆಣ್ಣೆಯಾಗುತ್ತದೆ. ಅದರ ಮೇಲೆ ನೇರ ಜಲ್ಲಿ ಸುರಿದರೆ ಕಲ್ಲು ಕೆಳಗಿಳಿದು ಕೆಸರು ಮೇಲೆ ಬರುತ್ತದೆ. ಅದಕ್ಕೇ ನಡುವೆ ಗರಸಿನ ದಪ್ಪ ಹಾಸು ಹಾಕುತ್ತಾರೆ. ಇನ್ನು ಬಯಲಿನ ಅಡ್ಡಕ್ಕೆ ಹೋದ ಏರಿ ನೆರೆಯ ಹೊತ್ತಿಗೆ ತಾನೇ ಒಂದು ಒಡ್ಡಾಗಿಬಿಡುತ್ತದೆ. ಒಂದು ಕಡೆ ನೀರು ಏರಿ ನಿಲ್ಲುತ್ತದೆ, ಇನ್ನೊಂದು ಕಡೆ ತಗ್ಗಿರುತ್ತದೆ. ತೂತು ಸಿಕ್ಕಲ್ಲಿ ಕೊರೆದು, ಜಲ್ಲಿ ಎಳೆದುಕೊಂಡು ಹೋಗಿ, ಹಳಿಯನ್ನು ಬಟ್ಟೆ ಒಣಹಾಕುವ ತಂತಿಯಂತೆ ಗಾಳಿಯಲ್ಲಿ ಬಿಡುತ್ತದೆ. ಸಾಕಷ್ಟು ಕಣ್ಣುಗಳನ್ನು ಬಿಟ್ಟು ನೀರಿಗೆ ದಾರಿ ಕೊಡುವುದೊಂದೇ ಇದಕ್ಕೆ ಮದ್ದು. ಕೊಂಕಣದ 2,000 ಸೇತುವೆಗಳಲ್ಲಿ ಬಹುಪಾಲು ಇಂಥ ಸಣ್ಣ ಮೋರಿ, ಸಣ್ಣ ಸೇತುವೆಗಳೇ.

ಸೇತುವೆಯ ಕಂಬದ ಬುಡದ ಕೊರೆತ ಇನ್ನೂ ಕಳ್ಳತನದ್ದು. ಕಂಬಕ್ಕೆ ಬಡಿದ ನೀರು ಕೆಳಮುಖವಾಗಿ ಸುಳಿದು ತಳದ ಮರಳನ್ನು ತೋಡುತ್ತದೆ. ಗುಂಡಿ ಅತಿ ಆಳವಾಗುವುದು ನೆರೆಯ ನೆತ್ತಿಯಲ್ಲಿ. ನೀರು ಇಳಿಯುತ್ತಿದ್ದಂತೆ ಸಡಿಲ ಹೂಳು ಬಂದು ಅದನ್ನು ಮುಚ್ಚಿಬಿಡುತ್ತದೆ. ಮರುದಿನ ನೋಡಿದವರಿಗೆ ಎಲ್ಲ ಮೊದಲಿನಂತೆಯೇ ಕಾಣುತ್ತದೆ. ಹಾಗಾಗಿ ಕಣ್ಣನ್ನು ನಂಬದೆ ಆಳ ಅಳೆದೇ ನೋಡಬೇಕು. ರೈಲ್ವೆ ಸೇತುವೆಗಳ ಕಂಬದ ಮೇಲೆ ಬಣ್ಣದಲ್ಲಿ ಬರೆದ ಗೆರೆಗಳನ್ನು ನೀವು ಕಂಡಿರಬಹುದು. ಒಂದು ಅಪಾಯದ ಮಟ್ಟ, ಇನ್ನೊಂದು ಹಿಂದೆ ಮುಟ್ಟಿದ ಅತಿ ಎತ್ತರದ ನೆರೆಯ ಗುರುತು. ನೀರು ಅಪಾಯದ ಗೆರೆಗೆ ಬಂದರೆ ಗಾಡಿ ಬಿಡುವ ಮುನ್ನ ಸೇತುವೆ ನೋಡಿ ಹೇಳುವವರು ಬರಬೇಕು.

ಉಪಗ್ರಹದ ಚಿತ್ರ, ಮೊಬೈಲಿನ ಎಚ್ಚರಿಕೆ ಎಲ್ಲ ಬಂದ ಮೇಲೂ ಮಳೆಗಾಲದ ರಾತ್ರಿ ಹಳಿಗುಂಟ ನಡೆಯುವುದು ಗ್ಯಾಂಗ್‌ಮನ್. ಕೈಯಲ್ಲಿ ದೀಪ, ಜೇಬಿನಲ್ಲಿ ಪಟಾಕಿ. ಹಳಿ ಕೊಚ್ಚಿದ್ದು ಕಂಡರೆ ಬರುವ ಗಾಡಿಯ ಕಡೆಗೆ ಓಡುತ್ತಾ 600 ಮೀಟರಿಗೆ ಒಂದು, 1,200 ಮೀಟರಿಗೆ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು ಪಟಾಕಿಗಳನ್ನು ಹಳಿಗೆ ಕಟ್ಟಬೇಕು. ಗಾಲಿ ಹತ್ತಿದೊಡನೆ ಅವು ಸಿಡಿಯುತ್ತವೆ. ಮಳೆಯ ಸದ್ದಿನಲ್ಲೂ ಚಾಲಕನಿಗೆ ಕೇಳುತ್ತದೆ. ಓಡುವ ಗಾಡಿ ನಿಲ್ಲಲು ಬೇಕಾದ ದೂರವನ್ನು ನೋಡಿಯೇ ಈ ಅಳತೆ.

ಆದರೆ ಎಷ್ಟೇ ಗ್ಯಾಂಗ್‌ಮನ್‌ಗಳಿದ್ದರೂ ಪ್ರತಿ ಮೋರಿಗೂ ಒಬ್ಬರು ನಿಲ್ಲಲಾಗದು. ಹಳಿಯ ಪಕ್ಕದಲ್ಲಿ ಹೊಲವಿದ್ದವರೇ ಮೊದಲು ನೋಡುವವರು. ಜಲ್ಲಿ ಜಾರಿದ್ದು, ಏರಿ ಕುಸಿದದ್ದು, ಮೋರಿ ಕಟ್ಟಿಕೊಂಡು ನೀರು ಹಳಿಗೇರಿದ್ದು ಕಂಡರೆ ಹತ್ತಿರದ ಗೇಟ್‌ಮನ್‌ಗೆ ಹೇಳಿ, ಇಲ್ಲವೇ 139ಕ್ಕೆ ಫೋನ್ ಮಾಡಿ. ಗಾಡಿ ಆಗಲೇ ಬರುತ್ತಿದ್ದರೆ ಹಳಿಯಿಂದ ದೂರ ನಿಂತು ಕೆಂಪು ಬಟ್ಟೆ ಬೀಸಿ.