ಹೆಸರು ಬೇರೆ, ಕಾರು ಅದೇ!

ಈ ಪುಟ್ಟ ಕಾರು ನೋಡಿ. ಗೇಮ್‌ನಲ್ಲಿ ಇದರ ಹೆಸರು ‘ದ ಮೀನಿ’. ಆದರೆ ರ‍್ಯಾಲಿ ಬಲ್ಲವರಿಗೆ ಕಂಡ ಕೂಡಲೇ ಗುರುತು ಸಿಗುತ್ತದೆ. 1964ರಲ್ಲಿ ಪ್ಯಾಡಿ ಹಾಪ್‌ಕರ್ಕ್ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದದ್ದು ಇಂಥದ್ದೇ ಮಿನಿ ಕೂಪರ್‌ನಲ್ಲಿ!

ಗೇಮ್ ಯಾವುದು? 2020ರಲ್ಲಿ ಬಂದ ‘ಆರ್ಟ್ ಆಫ್ ರ‍್ಯಾಲಿ’. ಅಸಲಿ ಬ್ರ್ಯಾಂಡ್ ಬಳಸಲು ಕಾರು ಕಂಪನಿಗಳ ಪರವಾನಗಿ ಬೇಕು. ಇಲ್ಲಿ ಲೋಗೋ ಇಲ್ಲ, ಹೆಸರೂ ಕಾಲ್ಪನಿಕ. ಆದರೆ ಆಕಾರ, ಎಂಜಿನ್ ಸದ್ದು, ತಿರುವಿನಲ್ಲಿ ಹಿಂಬದಿ ಜಾರುವ ರೀತಿ ಎಲ್ಲವೂ ಇತಿಹಾಸದಿಂದಲೇ ಬಂದದ್ದು.

ನನಗೆ ತುಂಬಾ ಇಷ್ಟವಾದದ್ದು ಗ್ರೂಪ್ ಬಿ ಭಾಗ. 1982ರಲ್ಲಿ ಶುರುವಾದ ಈ ರ‍್ಯಾಲಿ ವರ್ಗದ ಕಾರುಗಳು ನಿಜಕ್ಕೂ ದೈತ್ಯರು. ಲಾನ್ಸಿಯಾ ಡೆಲ್ಟಾ ಎಸ್4 ಅನ್ನೇ ತಗೊಳ್ಳಿ. ಒಂದೇ ಎಂಜಿನ್‌ಗೆ ಸೂಪರ್‌ಚಾರ್ಜರ್, ಟರ್ಬೊ ಎರಡೂ! ಕಡಿಮೆ ಆರ್‌ಪಿಎಂನಲ್ಲಿ ಸೂಪರ್‌ಚಾರ್ಜರ್ ತಳ್ಳುತ್ತದೆ, ವೇಗ ಏರಿದಂತೆ ಟರ್ಬೊ ಕೈಹಿಡಿಯುತ್ತದೆ.

ಆದರೆ 1986ರ ಮೇ 2ರಂದು, ಕಾರ್ಸಿಕಾದ ರ‍್ಯಾಲಿಯಲ್ಲಿ, ಅದೇ ಕಾರು ರಸ್ತೆಯಿಂದ ಕೆಳಗುರುಳಿ ಹೊತ್ತಿ ಉರಿಯಿತು. ಚಾಲಕ ಹೆನ್ರಿ ಟೊಯ್ವೊನೆನ್, ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಇಬ್ಬರೂ ತೀರಿಕೊಂಡರು. ಅದೇ ವರ್ಷ ಪೋರ್ಚುಗಲ್‌ನಲ್ಲಿ ಕಾರೊಂದು ಪ್ರೇಕ್ಷಕರ ಮೇಲೆ ನುಗ್ಗಿತ್ತು. ಮುಂದಿನ ವರ್ಷದಿಂದ ವಿಶ್ವ ರ‍್ಯಾಲಿಯಲ್ಲಿ ಗ್ರೂಪ್ ಬಿ ಬಂದ್.

ಗೇಮ್‌ನ ಕಥೆಯಲ್ಲಿ ಮಾತ್ರ ಆ ನಿಷೇಧ ಬರುವುದೇ ಇಲ್ಲ. ಆ ಕಾರುಗಳು ಇನ್ನೂ ಓಡುತ್ತಲೇ ಇರುತ್ತವೆ.

ಆಡುವ ಮುನ್ನ ಟೊಯ್ವೊನೆನ್ ಓಡಿಸುತ್ತಿದ್ದ ಹಳೆಯ ವಿಡಿಯೊಗಳನ್ನು ಒಮ್ಮೆ ನೋಡಿ.