ಪಿಕಪ್ಪಿನ ಮೇಲೆ ರೈಲಿನ ಕಹಳೆ

ಕಳೆದ ವರ್ಷ ಧ್ವನಿಶಾಸ್ತ್ರದ ಪಾಠ ಮುಗಿಸಿ ತರಗತಿಯಿಂದ ಹೊರಬರುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಹಿಂಬಾಲಿಸಿ ಬಂದು, "ಸಾರ್, ಅಮೆರಿಕದಲ್ಲಿ ಪಿಕಪ್ ಗಾಡಿಗೆ ರೈಲಿನ ಹಾರ್ನನ್ನೇ ಹಾಕುತ್ತಾರೆ. ನಮ್ಮ ಗಾಡಿಗೂ ಹಾಕಿಸಬಹುದೆ?" ಎಂದು ಕೇಳಿದನು. ಅವನ ತಂದೆ ದಿನವೂ ನಸುಕಿನಲ್ಲಿ ತರಕಾರಿಯನ್ನು ಮಾರುಕಟ್ಟೆಗೆ ಸಾಗಿಸುವವರು. ಅವರ ಪಿಕಪ್ಪಿನ ಹಾರ್ನು ಸಣಕಲು ದನಿಯದು. ಲಾರಿಯವರು ಅದಕ್ಕೆ ದಾರಿಯನ್ನೇ ಬಿಡುವುದಿಲ್ಲವಂತೆ.

"ಮೊದಲು ಆ ಹಾರ್ನು ಹೇಗೆ ನುಡಿಯುತ್ತದೆಂದು ನೋಡೋಣಪ್ಪ, ಹಾಕಿಸುವ ಮಾತು ಆಮೇಲೆ" ಎಂದೆನು. ಅಂದು ಸಂಜೆ ಪ್ರಯೋಗಶಾಲೆಯಲ್ಲಿ ಕುಳಿತು ನಾವು ಮಾಡಿದ ವಿಚಾರವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಶ್ರುತಿಕವೆಯನ್ನು ಬಡಿದು ಗಾಳಿಯಲ್ಲಿ ಹಿಡಿದರೆ ನಾದವು ಕಿವಿಯ ಬಳಿ ತಂದರಷ್ಟೇ ಕೇಳಿಸುವುದು. ಅದು ಕಂಪಿಸುತ್ತಿಲ್ಲವೆಂದಲ್ಲ, ಕವೆಯು ಒತ್ತಿದ ಗಾಳಿಯು ಪಕ್ಕಕ್ಕೆ ಜಾರಿ ಹಿಂಬದಿಗೆ ಹೋಗಿಬಿಡುವುದು. ಗಾಳಿ ಬಹು ಮೆದುವಾದ ವಸ್ತು. ಅದನ್ನು ಬಲವಾಗಿ ತಳ್ಳಬೇಕಾದರೆ ಅದಕ್ಕೆ ಜಾರಿಕೊಳ್ಳಲು ಎಡೆಯಿರಬಾರದು. ಗದ್ದೆಯ ಆಚೆ ಬದಿಯಲ್ಲಿರುವವನನ್ನು ಕರೆಯುವಾಗ ನಾವು ಬಾಯಿಯ ಸುತ್ತ ಕೈಗಳನ್ನು ಬೊಗಸೆಯಾಗಿಸಿಕೊಳ್ಳುವುದಿಲ್ಲವೆ? ನಮ್ಮ ಕೊಂಬು ಕಹಳೆಗಳನ್ನು ಮಾಡಿದವರು ಯಾವ ಸಮೀಕರಣವನ್ನೂ ಬರೆಯದೆಯೇ ಈ ಗುಟ್ಟನ್ನು ಬಲ್ಲವರಾಗಿದ್ದರು.

ವಾಯುಹಾರ್ನಿನಲ್ಲಿ ಕಹಳೆಯ ಕಿರಿದಾದ ತುದಿಗೆ ಲೋಹದ ತೆಳು ಬಿಲ್ಲೆಯೊಂದು ಒತ್ತಿಕೊಂಡಿರುವುದು. ಅದುಮಿಟ್ಟ ಗಾಳಿಯನ್ನು ಬಿಟ್ಟೊಡನೆ ಒತ್ತಡವೇರಿ ಬಿಲ್ಲೆಯು ಮೇಲೇಳುವುದು. ಸಂದಿನಿಂದ ಗಾಳಿಯು ಕಹಳೆಯೊಳಕ್ಕೆ ನುಗ್ಗುವುದು. ನುಗ್ಗಿದೊಡನೆ ಹಿಂದಿನ ಒತ್ತಡ ಇಳಿಯುವುದರಿಂದ ಬಿಲ್ಲೆಯು ತನ್ನ ಸ್ಥಿತಿಸ್ಥಾಪಕ ಗುಣದಿಂದ ಮರಳಿ ಬಾಗಿಲು ಮುಚ್ಚುವುದು. ಮತ್ತೆ ಒತ್ತಡ, ಮತ್ತೆ ಬಿಡುಗಡೆ. ಸೆಕೆಂಡಿಗೆ ಎಷ್ಟು ಬಾರಿ ಈ ಬಾಗಿಲು ತೆರೆದು ಮುಚ್ಚಬೇಕೆಂಬುದನ್ನು ಮುಖ್ಯವಾಗಿ ಕಹಳೆಯೊಳಗಿನ ವಾಯುಸ್ತಂಭವೇ ನಿರ್ಧರಿಸುವುದು. ಕಹಳೆ ಉದ್ದವಾದಷ್ಟೂ ಸ್ವರ ಮಂದ್ರ.

ಕಹಳೆಯ ಬಾಯಿ ಹೂವಿನಂತೆ ಅರಳಿರುವುದು ಅಂದಕ್ಕಲ್ಲ. ಕಲ್ಯಾಣಿಯ ನೆಟ್ಟಗಿನ ಕಟ್ಟೆಗೆ ಬಡಿದ ಅಲೆ ಹಿಂದಿರುಗುವುದು. ಕೆರೆಯ ಇಳಿಜಾರು ದಡವನ್ನೇರಿದ ಅಲೆ ಮರಳುವುದು ಕಡಮೆ. ಅದೇ ರೀತಿ, ಕೊಳವೆಯು ಥಟ್ಟನೆ ಮುಗಿದರೆ ಧ್ವನಿತರಂಗದ ಬಹುಭಾಗ ಒಳಕ್ಕೇ ಪ್ರತಿಫಲಿಸುವುದು. ಮೆಲ್ಲಮೆಲ್ಲನೆ ಅಗಲವಾದರೆ ಹೊರಗಿನ ಗಾಳಿಯೊಡನೆ ಹೊಂದಿಕೊಂಡು ಹೊರಟುಹೋಗುವುದು. ವಾಯುಹಾರ್ನಿನ ಜೋರು ಗಾಳಿಯ ಒತ್ತಡದಲ್ಲಿ ಎಷ್ಟಿದೆಯೋ ಈ ಅರಳಿದ ಬಾಯಿಯಲ್ಲಿಯೂ ಅಷ್ಟೇ ಇದೆ.

ಇನ್ನು ಗಾಳಿಯನ್ನು ಎಲ್ಲಿಂದ ತರುವುದು? ದೊಡ್ಡ ಲಾರಿ ಬಸ್ಸುಗಳಲ್ಲಿ ಬ್ರೇಕಿಗೆಂದೇ ಅದುಮಿದ ಗಾಳಿಯ ಸಂಗ್ರಹವಿರುವುದು. ಹಾರ್ನಿಗೂ ಅದರಿಂದಲೇ ಪಾಲು. ಪಿಕಪ್ಪಿನ ಬ್ರೇಕು ದ್ರವದ ಒತ್ತಡದಿಂದ ನಡೆಯುವಂಥದು, ಅಲ್ಲಿ ಗಾಳಿಯೇ ಇಲ್ಲ. ಆದುದರಿಂದ ಅಮೆರಿಕದ ಹವ್ಯಾಸಿಗಳು ಗಾಡಿಯ ಅಡಿಯಲ್ಲಿ, ಚಾಸಿಗೆ ಬಿಗಿದು, ಸಣ್ಣದೊಂದು ಕಂಪ್ರೆಸರನ್ನೂ ಸುಮಾರು 5 ಗ್ಯಾಲನ್, ಎಂದರೆ 19 ಲೀಟರ್, ಹಿಡಿಯುವ ಟ್ಯಾಂಕನ್ನೂ ಇಡುವರು. ಟ್ಯಾಂಕಿನಲ್ಲಿ ಚದರ ಅಂಗುಲಕ್ಕೆ 150 ಪೌಂಡಿನಷ್ಟು ಒತ್ತಡ. ವಾಯುಮಂಡಲದ ಒತ್ತಡದ ಹತ್ತರಷ್ಟು. ಒತ್ತಡ ತುಂಬಿದಾಗ ಕಂಪ್ರೆಸರನ್ನು ನಿಲ್ಲಿಸಿ ಇಳಿದಾಗ ನಡೆಸಲು ತಾನೇ ತಾನಾದ ಸ್ವಿಚ್ಚು, ಮಿತಿಮೀರಿದರೆ ಗಾಳಿಯನ್ನು ಹೊರಬಿಡುವ ರಕ್ಷಣಾ ಕವಾಟ, ಹಾರ್ನಿಗೆ ಗಾಳಿ ಬಿಡಲು ವಿದ್ಯುತ್ತಿನಿಂದ ತೆರೆಯುವ ಕವಾಟ, ಇವೂ ಬೇಕು.

ಇದು ಮನೆಯ ಮೇಲಿನ ನೀರಿನ ತೊಟ್ಟಿಯ ಲೆಕ್ಕ. ಒತ್ತಡ 150ರಿಂದ 90 ಪೌಂಡಿಗೆ ಇಳಿಯುವವರೆಗೆ ಹಾರ್ನು ಊದಿದೆವೆನ್ನಿ. ಇಳಿಕೆ ಸುಮಾರು 4 ವಾಯುಮಂಡಲದಷ್ಟು; 19 ಲೀಟರಿನಿಂದ ಗುಣಿಸಿದರೆ ಸುಮಾರು 76 ಲೀಟರ್ ಗಾಳಿ ಹೊರಹೋಯಿತು. ನಿಮಿಷಕ್ಕೆ 28 ಲೀಟರ್ ತುಂಬುವ ಕಂಪ್ರೆಸರಿಗೆ ಅದನ್ನು ಮರಳಿ ತುಂಬಲು ಸುಮಾರು ಮೂರು ನಿಮಿಷ. ಊದಿದ್ದು ಕೆಲವೇ ಸೆಕೆಂಡು!

ಆ ಮೂರು ನಿಮಿಷವೂ ಕಂಪ್ರೆಸರು 12 ವೋಲ್ಟಿನಲ್ಲಿ 20 ಆಂಪಿಯರಿನಷ್ಟು ಪ್ರವಾಹವನ್ನು ಎಳೆಯಬಹುದು. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾದುದೆಂದು ನೀವು ಓದಿರುವಿರಿ. ಎಂದರೆ ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಇಷ್ಟು ಪ್ರವಾಹವನ್ನು ಸ್ವಿಚ್ಚಿನ ತೆಳು ತಂತಿಯಲ್ಲಿ ಹರಿಸಿದರೆ ಬೆಂಕಿಗೆ ಆಹ್ವಾನವಿತ್ತಂತೆ. ಅದಕ್ಕೇ ರಿಲೇ ಎಂಬ ಉಪಕರಣವಿರುವುದು. ಸ್ವಿಚ್ಚಿನಿಂದ ಬರುವ ಅಲ್ಪ ಪ್ರವಾಹವು ರಿಲೇಯ ವಿದ್ಯುತ್ಕಾಂತವನ್ನು ಎಬ್ಬಿಸುವುದು. ಆ ಕಾಂತವು ದಪ್ಪ ತಂತಿಯ ಮಂಡಲವನ್ನು ಕೂಡಿಸುವುದು. ಬ್ಯಾಟರಿಗೆ ಅತಿ ಸಮೀಪದಲ್ಲಿ ಫ್ಯೂಸು ಇರಲೇಬೇಕು. ಇನ್ನೊಂದು ಮಾತು: ಅದುಮಿದ ಗಾಳಿಯಲ್ಲಿನ ತೇವವು ನೀರಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುವುದರಿಂದ, ಅದನ್ನು ಆಗಾಗ ಬಸಿಯದಿದ್ದರೆ ಉಕ್ಕು ಒಳಗಿನಿಂದ ತುಕ್ಕು ತಿನ್ನುವುದು. ಒಳಗೆ ಗಾಳಿಯಿರುವಾಗ ಯಾವ ತಿರುಪನ್ನೂ ಬಿಚ್ಚಬಾರದು.

"ಎರಡು ಜೊತೆ ಹಾರ್ನು ಹಾಕಿದರೆ ಎರಡರಷ್ಟು ಜೋರಲ್ಲವೆ ಸಾರ್?" ಎಂದನು ಶಿಷ್ಯ. ಇಲ್ಲಿಯೇ ಎಲ್ಲರೂ ಎಡವುವುದು. ಡೆಸಿಬೆಲ್ ಅಳತೆಯು ಲಘುಗಣಕವನ್ನು ಆಧರಿಸಿದುದು. ಒಂದೇ ಬಗೆಯ ಎರಡು ಹಾರ್ನುಗಳು ಸೇರಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಹತ್ತು ಸೇರಿದರೆ 10 ಡೆಸಿಬೆಲ್. ಅಷ್ಟಾದಾಗ ಕಿವಿಗೆ ಶಬ್ದವು ಸುಮಾರು ಎರಡರಷ್ಟೆಂದು ತೋರುವುದು. ಆದರೆ ದೂರವು ಎರಡರಷ್ಟಾದರೆ 6 ಡೆಸಿಬೆಲ್ ಕಳೆದುಹೋಗುವುದು. ದೂರದವನಿಗೆ ಕೇಳಿಸಲೆಂದು ಮಾಡಿದ ವೆಚ್ಚವೆಲ್ಲ ಹತ್ತಿರದವನ ಕಿವಿಗೆ ಸಲ್ಲುವುದು.

ಅಮೆರಿಕದಲ್ಲಿ 2005ರಿಂದ ಜಾರಿಯಲ್ಲಿರುವ ನಿಯಮದಂತೆ ರೈಲಿನ ಹಾರ್ನು ಎಂಜಿನ್ನಿನ ಮುಂದೆ 100 ಅಡಿ ದೂರದಲ್ಲಿ 96ರಿಂದ 110 ಡೆಸಿಬೆಲ್ ಇರಬೇಕು. 110 ಎಂದೇ ಇಟ್ಟುಕೊಂಡು ದೂರವನ್ನು ಹತ್ತನೆಯ ಒಂದಕ್ಕೆ, ಎಂದರೆ 10 ಅಡಿಗೆ, ಇಳಿಸಿರಿ: ಲೆಕ್ಕದಂತೆ 130 ಡೆಸಿಬೆಲ್ ಆಗುವುದು. ಅದು ಕಿವಿಯಲ್ಲಿ ನೋವು ಹುಟ್ಟಿಸುವ ಮಟ್ಟ. ರೈಲಿನ ಮುಂದೆ 10 ಅಡಿಯಲ್ಲಿ ಯಾರೂ ನಿಲ್ಲುವುದಿಲ್ಲ. ಆದರೆ ಸಂತೆಬೀದಿಯ ಪಿಕಪ್ಪಿನ ಪಕ್ಕದಲ್ಲಿ ಸೈಕಲ್ಲಿನವನೂ ಮಗುವನ್ನೆತ್ತಿಕೊಂಡ ತಾಯಿಯೂ ಇರುವರು. ಮನುಷ್ಯನ ಒಂದೊಂದು ಒಳಕಿವಿಯಲ್ಲಿ ಶಬ್ದವನ್ನು ಗ್ರಹಿಸುವ ರೋಮಕೋಶಗಳು ಸುಮಾರು 15 ಸಾವಿರ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಬಸ್ ನಿಲ್ದಾಣವೊಂದರಲ್ಲಿ ಹೊರಡಲಿದ್ದ ಬಸ್ಸಿನ ಮುಂದೆ ಹಾಯುತ್ತಿದ್ದಾಗ ನನಗೊಮ್ಮೆ ಇದರ ರುಚಿ ತಿಳಿದಿದೆ. ಮರುದಿನ ಪಾಠ ಹೇಳುವಾಗಲೂ ಎಡಗಿವಿಯಲ್ಲಿ ಜೀರುಂಡೆ ಕೂಗುತ್ತಲೇ ಇದ್ದಿತು.

ಈ ರೈಲುಹಾರ್ನಿನ ಚರಿತ್ರೆಯೂ ಸ್ವಾರಸ್ಯವಾದುದು. ಉಗಿಬಂಡಿಯ ಸಿಳ್ಳನ್ನು ಎಲ್ಲರೂ ಬಲ್ಲರು. ಡೀಸೆಲ್ ಎಂಜಿನ್ನುಗಳು ಬಂದಾಗ ಅವುಗಳಿಗೆ ಹಾಕಿದ ಒಂಟಿ ಸ್ವರದ ವಾಯುಹಾರ್ನು ಲಾರಿಯದರಂತೆಯೇ ಕೇಳಿಸುತ್ತಿದ್ದುದರಿಂದ, ಬರುತ್ತಿರುವುದು ರೈಲೆಂದು ದಾಟುಗೇಟಿನ ಜನಕ್ಕೆ ತಿಳಿಯುತ್ತಿರಲಿಲ್ಲ. ಕೆನಡಾದ ರಾಬರ್ಟ್ ಸ್ವಾನ್ಸನ್ 1940ರ ದಶಕದಲ್ಲಿ ಉಗಿಸಿಳ್ಳಿನ ನಾದವನ್ನು ಅಭ್ಯಸಿಸಿ, ಹಲವು ಕಹಳೆಗಳು ಒಟ್ಟಿಗೆ ನುಡಿದು ಸ್ವರಮೇಳವಾಗುವ ಹಾರ್ನುಗಳನ್ನು ರಚಿಸಿದನು. ಆ ಪರಂಪರೆಯ ಪ್ರಸಿದ್ಧ ಐದು ಕಹಳೆಯ ಹಾರ್ನೊಂದರಲ್ಲಿ ಅತಿ ಮಂದ್ರ ಸ್ವರವು ಸೆಕೆಂಡಿಗೆ ಸುಮಾರು 311 ಕಂಪನ, ಅತಿ ತಾರವು 622. ಎಂದರೆ ಸರಿಯಾಗಿ ಒಂದು ಸ್ಥಾಯಿಯ ಅಂತರ. ಲಾರಿಯೆಂದು ಭ್ರಮಿಸದಿರಲೆಂದು ರೈಲಿಗೆ ಮಾಡಿದ ದನಿಯನ್ನು ಈಗ ಪಿಕಪ್ಪಿಗೆ ಹಾಕಿಕೊಂಡರೆ ಕೇಳಿದವನು ಯಾವ ಕಡೆಗೆ ಓಡಬೇಕು?

ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 119ನೆಯ ನಿಯಮವು ಒಂದಾದ ಮೇಲೊಂದು ಸ್ವರ ಹೊರಡಿಸುವ ಬಹುಸ್ವರ ಹಾರ್ನನ್ನೂ, ಅತಿ ಕರ್ಕಶವಾದ ಇಲ್ಲವೆ ಬೆಚ್ಚಿಬೀಳಿಸುವ ಶಬ್ದದ ಸಾಧನವನ್ನೂ ನಿಷೇಧಿಸಿದೆ. ಆಂಬುಲೆನ್ಸ್, ಅಗ್ನಿಶಾಮಕ ಮುಂತಾದವಕ್ಕೆ ಮಾತ್ರ ವಿನಾಯಿತಿ. ನಮ್ಮ ಐದು ಕಹಳೆಗಳು ಏಕಕಾಲಕ್ಕೆ ನುಡಿಯುವುವಾದುದರಿಂದ ಮೊದಲನೆಯ ಮಾತಿನಿಂದ ತಪ್ಪಿಸಿಕೊಳ್ಳಬಹುದೆಂದು ಶಿಷ್ಯನು ಜಾಣತನದಿಂದ ವಾದಿಸಿದನು. ಎರಡನೆಯದರಿಂದ ತಪ್ಪಿಸಿಕೊಳ್ಳುವ ದಾರಿ ಅವನಿಗೂ ಹೊಳೆಯಲಿಲ್ಲ.

ಮುಂದಿನ ಭಾನುವಾರ ಕಾಲೇಜಿನ ವೋಲ್ಟ್‌ಮಾಪಕವನ್ನು ತೆಗೆದುಕೊಂಡು ಅವರ ಮನೆಗೆ ಹೋದೆನು. ಎಂಜಿನ್ ನಡೆಯುತ್ತಿದ್ದಾಗ ಹಾರ್ನು ಒತ್ತಿ ಅಳೆದರೆ ಬ್ಯಾಟರಿಯಲ್ಲಿ 13.8 ವೋಲ್ಟ್, ಹಾರ್ನಿನ ತುದಿಯಲ್ಲಿ 9.6. ಉಳಿದುದೆಲ್ಲ ಸವೆದ ಗುಂಡಿಯಲ್ಲಿಯೂ ಕಿಲುಬು ಹಿಡಿದ ಸಂಪರ್ಕಗಳಲ್ಲಿಯೂ ಸೋರಿಹೋಗುತ್ತಿದ್ದಿತು. ಸಂಪರ್ಕಗಳನ್ನು ಉಜ್ಜಿ, ಒಂದು ರಿಲೇಯನ್ನೂ ದಪ್ಪ ತಂತಿಯನ್ನೂ ಹಾಕಿದೆವು. ಆಗ ಅಳತೆ 13.2 ತೋರಿಸಿತು. ಹುಡುಗನ ತಂದೆ ಗುಂಡಿಯನ್ನು ಒತ್ತಿದರು; ಹಿತ್ತಲಲ್ಲಿ ಮೇಯುತ್ತಿದ್ದ ಎಮ್ಮೆ ತಲೆಯೆತ್ತಿ ನೋಡಿತು.