ಹೋದ ರೊಕ್ಕದ ಬೆನ್ನು ಹತ್ತಿ

ಕಲಬುರಗಿ ಸೀಮೆಯ ಪತ್ರಿಕೆಗಳ ಒಳಪುಟದಲ್ಲಿ ಆಗಾಗ ಕಾಣುವ ಚಿಕ್ಕ ಸುದ್ದಿಯೊಂದಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದು ಠಾಣೆಯ ಹೆಸರು ಬದಲಾಗಬಹುದು, ಒಕ್ಕಣೆ ಮಾತ್ರ ಒಂದೇ: ಮಟಕಾ ಬರೆಯುತ್ತಿದ್ದವನ ಬಂಧನ, ನಗದು, ನಂಬರ್ ಬರೆದ ಚೀಟಿ, ಒಂದು ಬಾಲ್‌ಪೆನ್ ಜಪ್ತಿ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಕೇಸು. ಬರೆದವನ ಕತೆ ಅಲ್ಲಿಗಾಯಿತು. ಬರೆಸಿದವನ ಕತೆ ಪೇಪರಿಗೆ ಬರುವುದಿಲ್ಲ. ಈ ಅಧ್ಯಾಯ ಅವನದು.

ಮಟಕಾ ಹುಟ್ಟಿದ್ದು 1960ರ ದಶಕದ ಮುಂಬೈಯಲ್ಲಿ. ನ್ಯೂಯಾರ್ಕಿನ ಹತ್ತಿ ಪೇಟೆಯ ದರದ ಮೇಲೆ ಕಟ್ಟುತ್ತಿದ್ದ ಬಾಜಿ ನಿಂತಾಗ ಕಲ್ಯಾಣಜಿ ಭಗತ್, ರತನ್ ಖತ್ರಿ ಎಂಬುವರು ಅಂಕಿ ಎತ್ತುವ ಆಟ ಶುರು ಮಾಡಿದರು. ಓಪನ್ ಒಂದು ಅಂಕಿ, ಕ್ಲೋಸ್ ಒಂದು ಅಂಕಿ, ಎರಡೂ ಸೇರಿದರೆ ಜೋಡಿ. ಜೋಡಿ ಹತ್ತಿದರೆ ರೂಪಾಯಿಗೆ 80 ಎಂಬುದು ನಮ್ಮ ಕಡೆ ಕೇಳಿಬರುವ ಕೂಗು.

ಈ ಕೂಗನ್ನು ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬೇಕು. 00ಯಿಂದ 99ರ ತನಕ ನೂರು ಜೋಡಿ. ನೂರಕ್ಕೂ ಒಂದೊಂದು ರೂಪಾಯಿ ಹಚ್ಚಿದವನಿಗೆ ಗ್ಯಾರಂಟಿಯಾಗಿ ಒಂದು ಜೋಡಿ ಹತ್ತುತ್ತದೆ, ಗ್ಯಾರಂಟಿಯಾಗಿ 20 ರೂಪಾಯಿ ಹೋಗುತ್ತದೆ. ಬಂದದ್ದನ್ನೆಲ್ಲ ಮತ್ತೆ ಹಚ್ಚುತ್ತ ಹೋದರೆ ಹತ್ತನೆಯ ಸುತ್ತಿಗೆ ನೂರರಲ್ಲಿ ಸರಾಸರಿ ಉಳಿಯುವುದು 11 ರೂಪಾಯಿ. ‘ಈ ನಂಬರ್ ಭಾಳ ದಿನ ಆತು ಬಂದಿಲ್ಲ, ಇನ್ನ ಬರಲೇಬೇಕು’ ಎನ್ನುವವರಿಗೂ ಉತ್ತರ ಇಲ್ಲೇ ಇದೆ. ಒಂದೇ ಜೋಡಿಯನ್ನು ನೂರು ಸಲ ಬಿಡದೆ ಹಚ್ಚಿದರೂ ಒಮ್ಮೆಯೂ ಹತ್ತದೆ ಹೋಗುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ನಿನ್ನೆ ಏನು ಬಂದಿತ್ತೆಂಬುದು ಅಂಕಿಗೆ ನೆನಪಿರುವುದಿಲ್ಲ.

ಲೆಕ್ಕ ತಿಳಿದರೆ ಆಟ ಬಿಟ್ಟುಹೋಗುತ್ತದೆಯೇ? ಇಲ್ಲ. ಲೆಕ್ಕ ಬಲ್ಲ ಮಾಸ್ತರರೂ ಸಿಮೆಂಟ್ ಫ್ಯಾಕ್ಟರಿಯ ನೌಕರರೂ ಆಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಜೂಜಿನ ಚಟ ಸ್ಪಷ್ಟವಾಗಿ ವ್ಯಸನಗಳ ಸಾಲಿನಲ್ಲಿದೆ. ಯಾವಾಗ ಬರುತ್ತದೆಂದು ಗೊತ್ತಿಲ್ಲದ ಬಹುಮಾನಕ್ಕೆ ಮಿದುಳು, ದಿನಾ ಬರುವ ಪಗಾರಕ್ಕಿಂತ ಹೆಚ್ಚು ಅಂಟಿಕೊಳ್ಳುತ್ತದೆ. 46 ಹಚ್ಚಿದವನಿಗೆ 47 ಬಂದರೆ ಅದು ಸೋಲೇ. ಅವನಿಗೆ ಮಾತ್ರ ಅದು ‘ಸ್ವಲ್ಪದರಾಗ ತಪ್ಪಿತು’. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಸೂಕ್ತವೇ ಇದೆ. ಇನ್ನು ಹೋಗಬಾರದೆಂದು ನಿಶ್ಚಯಿಸಿದವನು ದಾಳದ ಸದ್ದು ಕೇಳಿದೊಡನೆ ಮತ್ತೆ ಅತ್ತ ನಡೆಯುತ್ತಾನೆ. ಇಂದಿನ ದಾಳದ ಸದ್ದು ಜೇಬಿನೊಳಗಿನ ಮೊಬೈಲಿನದು: ರಮ್ಮಿ, ಐಪಿಎಲ್ ಬೆಟ್ಟಿಂಗ್, ಬಣ್ಣ ಊಹಿಸುವ ಆಟ. ಕರ್ನಾಟಕ 2021ರಲ್ಲಿ ಆನ್‌ಲೈನ್ ಜೂಜು ನಿಷೇಧಿಸಿತು. ಮರುವರ್ಷ ಹೈಕೋರ್ಟ್ ಅದನ್ನು ಅಸಿಂಧುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಮಾಡಿತು. ಅದರಲ್ಲಿ ಶಿಕ್ಷೆ ಆಡಿಸುವವರಿಗೆ, ಜಾಹೀರಾತು ಕೊಡುವವರಿಗೆ, ಆಡಿದವರಿಗಲ್ಲ. ಆದ್ದರಿಂದ ಇಂಥ ಆಟದಲ್ಲಿ ಸಿಕ್ಕಿಬಿದ್ದವರು ಡಾಕ್ಟರ ಮುಂದೆ ಬಾಯಿ ಬಿಡಲು ಅಂಜಬೇಕಿಲ್ಲ.

ಚಟದ ತಿರುವು ಇರುವುದು ಗೆಲುವಿನ ಆಸೆಯಲ್ಲಲ್ಲ, ಕಳೆದದ್ದನ್ನು ತಿರುಗಿ ಪಡೆಯುವ ಹಟದಲ್ಲಿ. ‘ಇದೊಂದ ಸಲ, ಹೋದದ್ದು ಬಂದರ ಸಾಕು, ಮುಂದ ಮುಟ್ಟಂಗಿಲ್ಲ’ ಎಂಬ ಮಾತು ಯಾರ ಬಾಯಲ್ಲಿ ಎರಡನೆಯ ಸಲ ಬರುತ್ತದೋ ಅವರಿಗೆ ಸಹಾಯ ಬೇಕಾಗಿದೆ ಎಂದೇ ತಿಳಿಯಬೇಕು. ತೊಗರಿ ಮಾರಿದ ರೊಕ್ಕ, ಪರ್ಸಿ ಖಣಿಯ ಬಟವಡೆ, ಹೆಂಡತಿಯ ಸಂಘದ ಸಾಲ ಒಂದರ ಹಿಂದೊಂದು ಹೋಗುವುದು ಈ ಹಂತದಲ್ಲಿ.

ಇಲ್ಲಿ ಮನೆಯವರಿಗೆ ಒಂದು ಕಟುವಾದ ಮಾತು ಹೇಳಬೇಕು. ಮರ್ಯಾದೆಗೆ ಅಂಜಿ ತಾಯಿ ಬಂಗಾರ ಒತ್ತೆಯಿಟ್ಟು ಸಾಲ ತೀರಿಸುತ್ತಾಳೆ, ಅಣ್ಣ ಹೊಲ ಬರೆದುಕೊಡುತ್ತಾನೆ. ಮಗ ದೇವರ ಮುಂದೆ ಆಣೆ ಮಾಡುತ್ತಾನೆ. ಆ ಆಣೆ ಸುಳ್ಳಲ್ಲ, ಆದರೆ ಸಾಲದು. ಚಿಕಿತ್ಸೆಯಿಲ್ಲದೆ ತೀರಿಸಿದ ಸಾಲ ಮುಂದಿನ ಆಟಕ್ಕೆ ಕೊಟ್ಟ ಬಂಡವಾಳವಾಗುತ್ತದೆ. ಸಾಲದ ಪೂರ್ತಿ ಪಟ್ಟಿ ಒಂದು ಹಾಳೆಯಲ್ಲಿ ಬರೆಸಿ, ಪಗಾರದ ಖಾತೆ ಮತ್ತು ಎಟಿಎಂ ಕಾರ್ಡು ಮನೆಯವರ ಕೈಗೆ ಬಂದು, ಫೋನ್‌ಪೇ ಅಂಥವುಗಳು ಫೋನಿನಿಂದ ಹೋದ ಮೇಲೆಯೇ ತೀರಿಸುವ ಮಾತು. ಬಯ್ಯುವುದು, ಹೊಡೆಯುವುದು, ‘ಮದುವೆ ಮಾಡಿದರ ಸರಿ ಹೋಗ್ತಾನ’ ಎನ್ನುವುದು ಯಾವುದೂ ಮದ್ದಲ್ಲ. ಕೊನೆಯದಂತೂ ಇನ್ನೊಂದು ಜೀವಕ್ಕೆ ಮಾಡುವ ಅನ್ಯಾಯ.

ಚಿಕಿತ್ಸೆ ಎಂದರೆ ಹೆಚ್ಚಾಗಿ ಮಾತು. ಯಾವ ಹೊತ್ತಿಗೆ, ಯಾರ ಜೊತೆ ಇದ್ದಾಗ ತುಡಿತ ಬರುತ್ತದೆ ಎಂದು ಆಪ್ತಸಮಾಲೋಚಕರು ಕೆದಕಿ ಕೇಳುತ್ತಾರೆ. ತುಡಿತ ಏರಿ, ಆಡದಿದ್ದರೂ ತಾನಾಗಿ ಇಳಿಯುತ್ತದೆ ಎಂಬುದನ್ನು ಅನುಭವಕ್ಕೆ ತರಿಸುತ್ತಾರೆ. ಜೊತೆಗೆ ಕುಡಿತವೋ ಖಿನ್ನತೆಯೋ ಇದ್ದರೆ ಔಷಧವೂ ಬೇಕಾಗುತ್ತದೆ. ನಡುವೆ ಒಮ್ಮೆ ಜಾರಿ ಆಡಿಬಿಟ್ಟರೆ ಎಲ್ಲ ಮುಗಿಯಿತೆಂದು ಕೈಬಿಡಬಾರದು. ಮರುದಿನವೇ ಹೋಗಿ ಹೇಳಬೇಕು.

ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ವಾಡಿ, ಶಹಾಬಾದಿನವರಿಗೆ ಕಲಬುರಗಿಯ ಜಿಮ್ಸ್ ಆಸ್ಪತ್ರೆ ರೈಲಿನಲ್ಲಿ ಹೋಗಿಬರುವ ದಾರಿ. ಚಿಂಚೋಳಿಯ ತಾಂಡಾಗಳವರಿಗೆ ಫೋನೇ ಹತ್ತಿರ: ಟೆಲಿ-ಮಾನಸ್, 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಹಗಲು ರಾತ್ರಿ ಇದೆ, ಕನ್ನಡದಲ್ಲೂ ಇದೆ, ಪುಕ್ಕಟೆ. ರೋಗಿಯ ವಿಷಯ ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ಸಾಲದ ಕಾಟಕ್ಕೆ ಜೀವವೇ ಬೇಡ ಎನ್ನಿಸಿದ ರಾತ್ರಿ ಬೆಳಗಾಗಲೆಂದು ಕಾಯಬೇಡಿ, ಇದೇ ನಂಬರಿಗೆ ಫೋನ್ ಮಾಡಿ. ಆಡುವವನೇ ಮಾಡಬೇಕೆಂದಿಲ್ಲ, ಅವನ ತಾಯಿ ಅಥವಾ ಹೆಂಡತಿ ಮಾಡಿದರೂ ನಡೆಯುತ್ತದೆ.